ಊರು ಬೆಳೆದಷ್ಟೂ ಮೃಗಾಲಯ ದೂರ

ಕೆನಡಾದ ವ್ಯಾಂಕೂವರ್ ಶ್ರೀಮಂತ ನಗರ. ಅಲ್ಲಿ ಒಳ್ಳೆಯ ಅಕ್ವೇರಿಯಂ ಇದೆ, ಊರಿಗೆ ಹೊಂದಿಕೊಂಡೇ 400 ಹೆಕ್ಟೇರಿನ ಸ್ಟ್ಯಾನ್ಲಿ ಪಾರ್ಕ್ ಇದೆ, ಆದರೆ ಮೃಗಾಲಯವಿಲ್ಲ. ಇಟಲಿಯ ವ್ಯಾಪಾರ ವಹಿವಾಟಿಗೆಲ್ಲ ಕೇಂದ್ರವಾದ ಮಿಲಾನ್‌ನಲ್ಲಿದ್ದ ಮೃಗಾಲಯ 1992ರಲ್ಲಿ ಮುಚ್ಚಿತು. ಸ್ಕಾಟ್ಲೆಂಡಿನ ಅತಿ ದೊಡ್ಡ ನಗರ ಗ್ಲಾಸ್ಗೋದಲ್ಲಿ 1947ರಲ್ಲಿ ತೆರೆದದ್ದು ಸಾಲ ತೀರಿಸಲಾಗದೆ 2003ರಲ್ಲಿ ಬಾಗಿಲು ಹಾಕಿತು. ಪಾಕಿಸ್ತಾನದ ರಾಜಧಾನಿ ಇಸ್ಲಾಮಾಬಾದ್ ತನ್ನ ಮೃಗಾಲಯವನ್ನು 2020ರಲ್ಲಿ ಖಾಲಿ ಮಾಡಿತು. ಕೋಸ್ಟರಿಕಾದ ರಾಜಧಾನಿ ಸಾನ್ ಹೋಸೆಯ ಸರ್ಕಾರಿ ಮೃಗಾಲಯ 2024ರಲ್ಲಿ ಕೊನೆಗೊಂಡಿತು. ಇಷ್ಟು ದೊಡ್ಡ ಊರುಗಳಿಗೆ ಒಂದು ಮೃಗಾಲಯ ಇಟ್ಟುಕೊಳ್ಳುವ ಯೋಗ್ಯತೆ ಇಲ್ಲವೆ ಎಂದು ಯಾರಿಗಾದರೂ ಅನ್ನಿಸೀತು. ವಿಮಾನ ನಿಲ್ದಾಣ, ಕ್ರೀಡಾಂಗಣ, ವಸ್ತುಸಂಗ್ರಹಾಲಯಗಳ ಸಾಲಿನಲ್ಲಿ ಮೃಗಾಲಯವನ್ನೂ ಸೇರಿಸಿ ಊರಿನ ದೊಡ್ಡಸ್ತಿಕೆ ಅಳೆಯುವ ಅಭ್ಯಾಸ ನಮಗಿದೆ. ಆ ಅಳತೆಯೇ ತಪ್ಪು ಎಂಬುದು ನನ್ನ ವಾದ. ಊರು ದೊಡ್ಡದಾದಷ್ಟೂ ಅದರ ನಡುವೆ ಪ್ರಾಣಿಗಳನ್ನು ಸರಿಯಾಗಿ ಸಾಕುವುದು ಕಷ್ಟವಾಗುತ್ತದೆ. ದೊಡ್ಡ ನಗರದಲ್ಲಿ ಮೃಗಾಲಯ ಇಲ್ಲದಿರುವುದು ಎಷ್ಟೋ ಕಡೆ ಕೊರತೆಯಲ್ಲ, ಪ್ರಾಣಿಗೆ ಏನು ಬೇಕು ಎಂದು ತಡವಾಗಿಯಾದರೂ ಲೆಕ್ಕ ಹಾಕಿದ್ದರ ಫಲ.

ಈ ಮಾತು ಅರ್ಥವಾಗಬೇಕಾದರೆ ಮೃಗಾಲಯಗಳು ಹುಟ್ಟಿದ ಕಾಲವನ್ನು ನೋಡಬೇಕು. ಲಂಡನ್ನಿನದು 1828ರಲ್ಲಿ ಮೊದಲು ಅದನ್ನು ನಡೆಸುತ್ತಿದ್ದ ವಿದ್ವತ್ ಸಂಘದ ಸದಸ್ಯರಿಗಷ್ಟೇ ತೆರೆಯಿತು, ಜನಸಾಮಾನ್ಯರು ಟಿಕೆಟ್ ಕೊಂಡು ಒಳಗೆ ಹೋಗಲು 1847ರವರೆಗೆ ಕಾಯಬೇಕಾಯಿತು. ಬರ್ಲಿನ್, ಆಂಟ್ವರ್ಪ್, ಆಮ್‌ಸ್ಟರ್‌ಡ್ಯಾಮ್‌ಗಳು ಅದರ ಹಿಂದೆ ಬಂದವು. ನಮ್ಮಲ್ಲಿ ಮದರಾಸಿನಲ್ಲಿ 1855ರಲ್ಲಿ, ಕಲ್ಕತ್ತೆಯ ಅಲಿಪುರದಲ್ಲಿ 1876ರಲ್ಲಿ, ಮೈಸೂರಿನಲ್ಲಿ 1892ರಲ್ಲಿ ಶುರುವಾದವು. ಎಲ್ಲದರ ಹಿಂದೆಯೂ ಒಬ್ಬ ಅರಸನೋ, ಒಂದು ವಿದ್ವತ್ ಸಂಘವೋ, ವಸಾಹತು ಆಡಳಿತವೋ ಇತ್ತು. ಊರಂಚಿನಲ್ಲಿ ಅಗ್ಗದ ನೆಲ ಸಿಗುತ್ತಿತ್ತು. ಪ್ರಾಣಿಯಂತೂ ಇನ್ನೂ ಅಗ್ಗ. ಜರ್ಮನಿಯ ಕಾರ್ಲ್ ಹಾಗನ್‌ಬೆಕ್‌ನಂಥ ವ್ಯಾಪಾರಿಗಳು ಆಫ್ರಿಕ, ಏಷ್ಯಾದ ಕಾಡುಗಳಿಂದ ಹಿಡಿಸಿ ತಂದು ಮಾರುತ್ತಿದ್ದರು, ಸತ್ತರೆ ಇನ್ನೊಂದನ್ನು ತರಿಸಿದರಾಯಿತು. ಈ ಮೂರೂ ಅನುಕೂಲಗಳು 20ನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲವಾದವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮರುವರ್ಷ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು. ಆದ್ದರಿಂದ ಕಳೆದ ಐವತ್ತು ವರ್ಷಗಳಲ್ಲಿ ದೊಡ್ಡದಾದ ಊರುಗಳು ಆ ಹಳೆಯ ದಾರಿಯಲ್ಲಿ ಮೃಗಾಲಯ ಕಟ್ಟುವಂತಿರಲಿಲ್ಲ. ಅಮೆರಿಕದ ಷಾರ್ಲಟ್ ಇದಕ್ಕೆ ಒಳ್ಳೆಯ ನಿದರ್ಶನ. ಬ್ಯಾಂಕುಗಳ ಈ ನಗರದಲ್ಲಿ ಸುಮಾರು 9 ಲಕ್ಷ ಜನರಿದ್ದಾರೆ, ಹೇಳಿಕೊಳ್ಳುವಂಥ ಮೃಗಾಲಯವಿಲ್ಲ. ಅದು ಇರುವುದು ನೂರು ಕಿಲೋಮೀಟರಿಗೂ ಆಚೆ, ಆಶ್‌ಬರೊ ಎಂಬ ಪುಟ್ಟ ಪಟ್ಟಣದ ಹತ್ತಿರ. ನಾರ್ತ್ ಕ್ಯಾರೊಲಿನಾ ರಾಜ್ಯವು ಒಂದೊಂದು ಊರಿಗೂ ಒಂದೊಂದು ಬೋನಿನ ಸಾಲು ಕೊಡುವ ಬದಲು, ಸಾವಿರಾರು ಎಕರೆ ನೆಲ ಸಿಗುವ ಕಡೆ ಇಡೀ ರಾಜ್ಯಕ್ಕೆ ಒಂದನ್ನು ಕಟ್ಟಿ 1974ರಲ್ಲಿ ತೆರೆಯಿತು.

ಮೃಗಾಲಯ ಮೊದಲೇ ಇದ್ದ ಊರುಗಳಲ್ಲಿ ನಡೆದದ್ದು ಇದರದ್ದೇ ಇನ್ನೊಂದು ರೂಪ. ಮದರಾಸಿನ ಮೃಗಾಲಯ ಮೊದಲು ಎಗ್ಮೋರಿನ ವಸ್ತುಸಂಗ್ರಹಾಲಯದ ಅಂಗಳದಲ್ಲಿತ್ತು. ಅಲ್ಲಿಂದ ಸೆಂಟ್ರಲ್ ಸ್ಟೇಷನ್ ಹತ್ತಿರದ ಪೀಪಲ್ಸ್ ಪಾರ್ಕಿಗೆ ಹೋಯಿತು. ನಗರ ಅದನ್ನು ನಾಲ್ಕೂ ದಿಕ್ಕಿನಿಂದ ಒತ್ತಿಕೊಂಡು ಬಂದ ಮೇಲೆ 1985ರಲ್ಲಿ ಊರಾಚೆಯ ವಂಡಲೂರಿಗೆ, 600 ಹೆಕ್ಟೇರಿನಷ್ಟು ಜಾಗಕ್ಕೆ ಸ್ಥಳಾಂತರವಾಯಿತು. ಪುಣೆಯವರು ಪೇಶ್ವೆ ಪಾರ್ಕಿನ ಪ್ರಾಣಿಗಳನ್ನು ಕಾತ್ರಜಕ್ಕೆ ಒಯ್ದರು. ಬೆಂಗಳೂರಿನ ಲಾಲ್‌ಬಾಗಿನಲ್ಲೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ಹುಲಿ, ಚಿರತೆ, ಕರಡಿಗಳಿದ್ದ ಸಣ್ಣ ಮೃಗಾಲಯವೊಂದಿತ್ತು ಎಂಬುದು ಈಗ ಅಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವ ಎಷ್ಟೋ ಜನರಿಗೆ ಗೊತ್ತಿಲ್ಲ. ಆ ಪ್ರಾಣಿಗಳು ಹೋಗಿ ಗಿಡಮರಗಳು ಉಳಿದವು. ಇವತ್ತು ಬೆಂಗಳೂರಿನವರು ಹುಲಿ ನೋಡಲು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬನ್ನೇರುಘಟ್ಟಕ್ಕೆ ಹೋಗುತ್ತಾರೆ. ನೆಲದ ಬೆಲೆ ಏರಿತು, ವಾಹನಗಳ ಸದ್ದು ಹೆಚ್ಚಿತು, ಒಳಗಿನ ಬೋನು ದೊಡ್ಡದು ಮಾಡೋಣವೆಂದರೆ ಗೋಡೆಯಾಚೆ ರಸ್ತೆ ಬಂದಾಗಿತ್ತು. ಇದರಲ್ಲಿ ಪ್ರಾಣಿದಯೆಗಿಂತ ಜಾಗದ ಒತ್ತಡವೇ ಹೆಚ್ಚು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಕಾರಣ ಯಾವುದೇ ಇರಲಿ, ನಗರದ ಬೆಳವಣಿಗೆ ಮತ್ತು ಮೃಗಾಲಯ ಒಂದೇ ನೆಲದ ಮೇಲೆ ಬಹುಕಾಲ ಹೊಂದಿಕೊಂಡಿರಲಾರವು ಎಂಬುದನ್ನು ಈ ಊರುಗಳೆಲ್ಲ ತೋರಿಸಿಕೊಟ್ಟಿವೆ.

ವ್ಯಾಂಕೂವರ್‌ನಲ್ಲಿ ಮಾತ್ರ ಜಾಗದ ಒತ್ತಡ ಅಷ್ಟಿರಲಿಲ್ಲ, ಅಲ್ಲಿ ಜನರೇ ಕುಳಿತು ತೀರ್ಮಾನಿಸಿದರು. ಅದಕ್ಕೇ ಆ ಊರಿನ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1888ರಲ್ಲಿ ಸ್ಟ್ಯಾನ್ಲಿ ಪಾರ್ಕಿನ ಮೇಲ್ವಿಚಾರಕ ಒಂದು ಕಪ್ಪು ಕರಡಿಯನ್ನು ಹಿಡಿದು ಮರದ ಬೊಡ್ಡೆಗೆ ಸರಪಳಿ ಹಾಕಿ ಕಟ್ಟಿದ. ಜನ ನೋಡಲು ಬಂದರು. ಮೃಗಾಲಯಕ್ಕೆ ಅದೇ ಮುಹೂರ್ತ. ಯೋಜನೆ ಇರಲಿಲ್ಲ, ಉದ್ದೇಶ ಇರಲಿಲ್ಲ, ಸಿಕ್ಕಿದ ಪ್ರಾಣಿಗೊಂದು ಜಾಗ ಮಾಡುತ್ತಾ ಅದು ಬೆಳೆಯಿತು. 1960ರ ದಶಕದಲ್ಲಿ ಹಿಮಕರಡಿಗಳಿಗೆಂದು ಕಾಂಕ್ರೀಟಿನ ಗುಂಡಿ ಕಟ್ಟಿದರು. ಕಟ್ಟಿದಾಗ ಅದು ಹೊಸ ಮಾದರಿ ಎನಿಸಿತ್ತು. ಮೂವತ್ತು ವರ್ಷ ಕಳೆಯುವುದರೊಳಗೆ, ನೂರಾರು ಮೈಲಿ ಅಲೆಯುವ ಪ್ರಾಣಿಯೊಂದು ಸಿಮೆಂಟಿನ ಅಂಚಿನಲ್ಲಿ ಅತ್ತಿಂದಿತ್ತ ತಿರುಗುವುದನ್ನು ನೋಡಲು ಊರಿನವರಿಗೇ ಕಷ್ಟವಾಗತೊಡಗಿತು. ಮೃಗಾಲಯವನ್ನು ದುಬಾರಿ ಖರ್ಚಿನಲ್ಲಿ ಹೊಸದಾಗಿ ಕಟ್ಟಬೇಕೆ, ಇಲ್ಲ ಹಂತಹಂತವಾಗಿ ಮುಚ್ಚಬೇಕೆ ಎಂಬ ಪ್ರಶ್ನೆಯನ್ನು 1993ರಲ್ಲಿ ಮತದಾರರ ಮುಂದೆ ಇಟ್ಟರು. ಬಹುಮತ ಮುಚ್ಚುವ ಕಡೆ ಬಿತ್ತು. 1996ರ ಹೊತ್ತಿಗೆ ಮೃಗಾಲಯ ಮುಗಿದಿತ್ತು. ಟಕ್ ಎಂಬ ಮುದಿ ಹಿಮಕರಡಿಯೊಂದು ಮಾತ್ರ ಉಳಿಯಿತು. ಆ ವಯಸ್ಸಿನಲ್ಲಿ ಅದನ್ನು ಇನ್ನೊಂದು ಊರಿಗೆ ಸಾಗಿಸುವುದು ಕ್ರೌರ್ಯವಾಗುತ್ತಿತ್ತು. ಹಾಗಾಗಿ ಮೃಗಾಲಯವೇ ಇಲ್ಲದ ಪಾರ್ಕಿನಲ್ಲಿ ಅದು 1997ರಲ್ಲಿ ಸಾಯುವವರೆಗೂ ಅದಕ್ಕೆ ಆಹಾರ, ಆರೈಕೆ ನಡೆಯಿತು. ಈ ಒಂದು ಸಂಗತಿಗಾಗಿಯೇ ಆ ಊರಿನ ಬಗ್ಗೆ ನನಗೆ ಗೌರವ. ಮುಚ್ಚಬೇಕು ಎಂದು ಮತ ಹಾಕಿದವರು ಮುಚ್ಚಿದ ಮೇಲಿನ ಖರ್ಚನ್ನೂ ಒಪ್ಪಿಕೊಂಡಿದ್ದರು.

ಜನರ ಮನಸ್ಸು ಹೀಗೆ ತಿರುಗಿದ್ದು ಬರೀ ಭಾವುಕತೆಯಿಂದಲ್ಲ, ಅದಕ್ಕೆ ಅಂಕಿಅಂಶದ ಬೆಂಬಲವೂ ಸಿಕ್ಕಿತು. ವಿಶಾಲ ಪ್ರದೇಶದಲ್ಲಿ ಅಲೆಯುವ ಮಾಂಸಾಹಾರಿಗಳೇ ಸೆರೆಯಲ್ಲಿ ಹೆಚ್ಚು ಶತಪಥ ಹಾಕುತ್ತವೆ, ಅವುಗಳ ಮರಿಗಳೇ ಹೆಚ್ಚು ಸಾಯುತ್ತವೆ ಎಂದು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆನೆಗಳ ಬಗ್ಗೆ ಬಂದ ಅಧ್ಯಯನ ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಆಫ್ರಿಕದ ಹೆಣ್ಣಾನೆಗಳ ಮಧ್ಯಮಾಂಕ ಆಯಸ್ಸು 16.9 ವರ್ಷ. ಕೀನ್ಯಾದ ಅಂಬೊಸೆಲಿ ಕಾಡಿನಲ್ಲಿ ಸಹಜವಾಗಿ ಸಾಯುವ ಆನೆಗಳದ್ದು 56 ವರ್ಷ. ಏಷ್ಯಾದ ಆನೆಗಳಿಗೆ ಮೃಗಾಲಯದಲ್ಲಿ 18.9, ಬರ್ಮಾದ ಮರದ ಡಿಪೊಗಳಲ್ಲಿ ದಿಮ್ಮಿ ಎಳೆಯುವ ಆನೆಗಳಿಗೆ 41.7. ಮೈಮುರಿದು ದುಡಿಯುವ ಆನೆ ಕೂತು ಉಣ್ಣುವ ಆನೆಯ ಎರಡರಷ್ಟು ಕಾಲ ಬದುಕುತ್ತಿತ್ತು. ಈಗಿನ ಮೃಗಾಲಯಗಳು ಆಗಿನಂತಿಲ್ಲ, ಸುಧಾರಿಸಿವೆ ಎಂಬ ಆಕ್ಷೇಪ ನ್ಯಾಯವಾದದ್ದೇ, ಆಫ್ರಿಕದ ಆನೆಗಳ ಮಟ್ಟಿಗೆ ಸ್ಥಿತಿ ಉತ್ತಮವಾಗುತ್ತಿದೆ ಎಂದು ಅದೇ ಅಧ್ಯಯನ ಹೇಳಿತ್ತು. ಆದರೆ ಸುಧಾರಣೆ ಎಂದರೆ ಏನು? ಹೆಚ್ಚು ನೆಲ, ಹೆಚ್ಚು ನೀರು, ಹಿಂಡಾಗಿ ಇರಲು ಅವಕಾಶ, ಪಳಗಿದ ಸಿಬ್ಬಂದಿ. ಮೊದಲನೆಯದನ್ನೇ ದೊಡ್ಡ ನಗರ ಕೊಡಲಾರದು. ನಮ್ಮ ಕಾನೂನೂ ಈ ದಿಕ್ಕಿಗೇ ಬಂದಿದೆ. 1992ರಲ್ಲಿ ರಚನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ದೇಶದಲ್ಲಿ ಯಾವ ಮೃಗಾಲಯವೂ ನಡೆಯುವಂತಿಲ್ಲ. ಕೊಯಮತ್ತೂರಿನ ನಡುವೆ ಮಹಾನಗರ ಪಾಲಿಕೆ ನಡೆಸುತ್ತಿದ್ದ ವ.ಉ.ಚಿ. ಪಾರ್ಕಿನ ಮೃಗಾಲಯದ ಮಾನ್ಯತೆ 2022ರಲ್ಲಿ ರದ್ದಾಯಿತು. ಕೆಲವೇ ಎಕರೆ ಜಾಗದಲ್ಲಿ ನಿಯಮ ಹೇಳುವ ಆವರಣ ಕಟ್ಟುವುದು ಸಾಧ್ಯವೇ ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಓದಿ, ಹಾಗಾದರೆ ಮುಚ್ಚಿದ್ದೆಲ್ಲ ಒಳ್ಳೆಯದೇ ಎಂದುಕೊಳ್ಳಬಾರದು. ಇಸ್ಲಾಮಾಬಾದಿನ ಮರ್ಗಜಾರ್ ಮೃಗಾಲಯ ಮುಚ್ಚಿದ್ದು ಊರು ಯೋಚಿಸಿ ಅಲ್ಲ, ಊರು ಕೈಚೆಲ್ಲಿದ ಮೇಲೆ. 1985ರಲ್ಲಿ ಶ್ರೀಲಂಕಾ ಒಂದು ಆನೆಮರಿಯನ್ನು ಪಾಕಿಸ್ತಾನಕ್ಕೆ ಉಡುಗೊರೆ ಕೊಟ್ಟಿತು. ಕಾವನ್ ಎಂದು ಅದರ ಹೆಸರು. ಜೊತೆಗಿದ್ದ ಹೆಣ್ಣಾನೆ 2012ರಲ್ಲಿ ಸತ್ತ ಮೇಲೆ ಅದು ಒಂಟಿಯಾಯಿತು. ವರ್ಷಗಟ್ಟಲೆ ಕಾಲಿಗೆ ಸರಪಳಿ, ನೆರಳಿಲ್ಲದ ಸಣ್ಣ ಆವರಣ. ಗೋಡೆಯ ಪಕ್ಕ ನಿಂತು ಗಂಟೆಗಟ್ಟಲೆ ತಲೆಯನ್ನು ಎಡಕ್ಕೆ ಬಲಕ್ಕೆ ತೂಗುವುದೊಂದೇ ಅದರ ಕೆಲಸ. ತಿನ್ನಲು ಕಬ್ಬೇ ಕಬ್ಬು ಕೊಟ್ಟು ಮೈ ವಿಪರೀತ ಬೆಳೆದಿತ್ತು, ಉಗುರುಗಳು ಸೀಳಿದ್ದವು. 2020ರ ಮೇ ತಿಂಗಳಲ್ಲಿ ಇಸ್ಲಾಮಾಬಾದ್ ಹೈಕೋರ್ಟು ಪ್ರಾಣಿಗಳಿಗೂ ಕಾನೂನಿನ ಹಕ್ಕುಗಳಿವೆ ಎಂದು ಹೇಳಿ ಎಲ್ಲವನ್ನೂ ತಕ್ಕ ಜಾಗಕ್ಕೆ ಕಳಿಸಲು ಆದೇಶಿಸಿತು. ಕಾವನ್‌ಗಾಗಿ ದೂರದೇಶದಿಂದ ಪಶುವೈದ್ಯರು ಬಂದರು. ಆಹಾರ ಬದಲಿಸಿ ಮೈ ಇಳಿಸಿದರು, ಹಾಡು ಹೇಳಿ ಹತ್ತಿರ ಮಾಡಿಕೊಂಡರು, ಲೋಹದ ಕ್ರೇಟಿನೊಳಗೆ ತಾನಾಗಿ ನಡೆದು ಹೋಗಲು ದಿನದಿನವೂ ಅಭ್ಯಾಸ ಮಾಡಿಸಿದರು. ನವೆಂಬರ್ ಕೊನೆಗೆ ಸರಕು ವಿಮಾನದಲ್ಲಿ ಅದು ಕಾಂಬೋಡಿಯ ತಲುಪಿತು. ಅಲ್ಲಿ ಬೇಲಿಯ ಆಚೆ ನಿಂತ ಇನ್ನೊಂದು ಆನೆಯ ಸೊಂಡಿಲನ್ನು ತನ್ನ ಸೊಂಡಿಲಿನಿಂದ ಮುಟ್ಟಿತು. ಎಂಟು ವರ್ಷಗಳ ಮೇಲೆ ತನ್ನ ಜಾತಿಯ ಜೀವವೊಂದನ್ನು ಅದು ಮುಟ್ಟಿದ್ದು ಅಂದೇ. ಈ ಚಿತ್ರ ಜಗತ್ತೆಲ್ಲ ಸುತ್ತಿತು. ಅಷ್ಟು ಸುತ್ತದ ಇನ್ನೊಂದು ಸಂಗತಿ ಇದೆ: ಅದೇ ವರ್ಷ ಜುಲೈನಲ್ಲಿ ಅದೇ ಮೃಗಾಲಯದ ಎರಡು ಸಿಂಹಗಳನ್ನು ಸಾಗಿಸಲು ಹೊರಟವರು, ಅವು ಬೋನಿನಿಂದ ಹೊರಗೆ ಬರಲೆಂದು ಒಳಗೆ ಹುಲ್ಲಿಗೆ ಬೆಂಕಿ ಹಾಕಿದರು. ಎರಡೂ ಸತ್ತವು. ಆದೇಶ ಒಂದೇ, ಊರು ಒಂದೇ. ಆನೆಗೆ ತಿಂಗಳುಗಟ್ಟಲೆ ತಾಳ್ಮೆ ಸಿಕ್ಕಿತು, ಸಿಂಹಗಳಿಗೆ ಒಂದು ದಿನದ ತಾಳ್ಮೆಯೂ ಸಿಗಲಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೃಗಾಲಯಗಳೇ ಇಲ್ಲದಿದ್ದರೆ ಎಷ್ಟೋ ಪ್ರಾಣಿಗಳು ಭೂಮಿಯಿಂದಲೇ ಹೋಗಿಬಿಡುತ್ತಿದ್ದವು ಎಂಬುದು ಎಲ್ಲಕ್ಕಿಂತ ಗಟ್ಟಿಯಾದದ್ದು. ನಿಜ. ಅರೇಬಿಯದ ಓರಿಕ್ಸ್ ಜಿಂಕೆ 1972ರ ಹೊತ್ತಿಗೆ ಕಾಡಿನಲ್ಲಿ ನಿರ್ನಾಮವಾಗಿತ್ತು. ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ 1963ರಿಂದ ಬೆಳೆಸಿದ ಹಿಂಡಿನ ಬಲದಿಂದ 1982ರಲ್ಲಿ ಅದು ಒಮಾನಿನ ಮರುಭೂಮಿಗೆ ಮರಳಿತು. ಕ್ಯಾಲಿಫೋರ್ನಿಯದ ಕಾಂಡೋರ್ ಹದ್ದು 1980ರ ದಶಕದಲ್ಲಿ ಬೆರಳೆಣಿಕೆಯ ಹತ್ತಿರ ಬಂದು ನಿಂತಿತ್ತು, ಸ್ಯಾನ್ ಡಿಯಾಗೊ ಮತ್ತು ಲಾಸ್ ಏಂಜಲಿಸ್ ಮೃಗಾಲಯಗಳು ಅದನ್ನು ಉಳಿಸಿದವು. ಆದರೆ ಈ ಯಶಸ್ಸು ಹೇಗೆ ಬಂತು ಎಂದು ನೋಡಿ. ಫೀನಿಕ್ಸನ್ನು ಆರಿಸಿದ್ದು ಅಲ್ಲಿಯ ಹವೆ ಅರೇಬಿಯದ ಹವೆಯನ್ನು ಹೋಲುತ್ತದೆ ಎಂದು, ಜನಸಂಖ್ಯೆ ನೋಡಿ ಅಲ್ಲ. ಕಾಂಡೋರ್ ಮರಿಗಳನ್ನು ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ಬೆಳೆಸಿದರು, ಸಾಕುವವರು ಕೂಡ ಹದ್ದಿನ ತಲೆಯಂಥ ಕೈಗೊಂಬೆ ತೊಟ್ಟು ತುತ್ತು ಕೊಟ್ಟರು, ಮನುಷ್ಯನ ಮುಖ ಮರಿಗೆ ಕಾಣಲೇಬಾರದು ಎಂದು. ನಮ್ಮಲ್ಲಿ ರಣಹದ್ದುಗಳ ಸಂತಾನ ಬೆಳೆಸುವ ಕೆಲಸ ಹರಿಯಾಣದ ಪಿಂಜೋರ್‌ನಲ್ಲಿ ನಡೆದಿದೆ, ಅಸ್ಸಾಮಿನ ಪುಟಾಣಿ ಹಂದಿಯನ್ನು 1996ರಿಂದ ಗುವಾಹಟಿಯ ಅಂಚಿನ ಬಸಿಷ್ಠದಲ್ಲಿ ಬೆಳೆಸಿ ಕಾಡಿಗೆ ಬಿಟ್ಟಿದ್ದಾರೆ. ಇವೆರಡೂ ಟಿಕೆಟ್ ಹರಿದು ಒಳಗೆ ಬಿಡುವ ಮೃಗಾಲಯಗಳಲ್ಲ. ಕೆಂಪು ಪಾಂಡಾ, ಹಿಮಚಿರತೆಗಳನ್ನು ಡಾರ್ಜಿಲಿಂಗಿನ ಮೃಗಾಲಯ ಬೆಳೆಸಿತು, ಏಕೆಂದರೆ ಅಲ್ಲಿ ಆ ಪ್ರಾಣಿಗಳಿಗೆ ಬೇಕಾದ ಚಳಿ ಇದೆ. ಸಂರಕ್ಷಣೆ ಮಾಡುವ ಮೃಗಾಲಯ ಇರಲೇಬೇಕು, ಅದನ್ನು ಎಲ್ಲಿ ಕಟ್ಟಬೇಕೆಂದು ಹೇಳಬೇಕಾದದ್ದು ಪ್ರಾಣಿಯ ಅಗತ್ಯ. ಪ್ರತಿ ದೊಡ್ಡ ಊರಿಗೂ ಒಂದು ಬೇಕು ಎಂಬುದಕ್ಕೆ ಈ ವಾದ ಆಧಾರವಾಗುವುದಿಲ್ಲ.

ಎರಡನೆಯದು ಮಕ್ಕಳ ಮಾತು. ಉಳ್ಳವರು ಬಂಡೀಪುರದಲ್ಲೋ ಕಬಿನಿಯಲ್ಲೋ ಜೀಪು ಹತ್ತುತ್ತಾರೆ, ಕೂಲಿಯವರ ಮಕ್ಕಳು ಆನೆ ನೋಡುವುದು ಮೃಗಾಲಯದಲ್ಲೇ ಅಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಭಾನುವಾರ, ಹಬ್ಬದ ರಜೆಗಳಲ್ಲಿ ಮೈಸೂರಿನ ಮೃಗಾಲಯದಲ್ಲಿ ಸೇರುವ ಜನ ಯಾರು ಎಂದು ನೋಡಿದರೆ ಸಾಕು, ಬುತ್ತಿ ಕಟ್ಟಿಕೊಂಡು ಸುತ್ತಲ ಹಳ್ಳಿ, ತಾಲ್ಲೂಕುಗಳಿಂದ ಬಂದ ಸಂಸಾರಗಳೇ ಅಲ್ಲಿ ತುಂಬಿರುತ್ತವೆ. ಆದರೆ ನೋಡಿದ್ದರಿಂದ ಮಗು ಕಲಿಯಿತೆ ಎಂಬುದು ಬೇರೆ ಪ್ರಶ್ನೆ. ಲಂಡನ್ ಮೃಗಾಲಯಕ್ಕೆ ಬಂದ 2,800ಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವಿವರಿಸಿ ಹೇಳುವವರು ಜೊತೆಗಿದ್ದಾಗ 41% ಮಕ್ಕಳಲ್ಲಿ ಕಲಿಕೆ ಕಂಡುಬಂತು, ಸುಮ್ಮನೆ ಸುತ್ತಾಡಿ ಹೋದವರಲ್ಲಿ 34%. ಮೃಗಾಲಯದ ವಿರೋಧಿಗಳು ಇದರಲ್ಲಿ ಕಲಿಯದವರ ಸಂಖ್ಯೆ ನೋಡುತ್ತಾರೆ, ಪರವಾದವರು ಕಲಿತವರದ್ದನ್ನು. ನನಗೆ ಮುಖ್ಯವಾಗಿ ಕಾಣುವುದು ಎರಡರ ನಡುವಿನ ಅಂತರ. ಪ್ರಾಣಿ ಹತ್ತಿರವಿದ್ದ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲ, ತಿಳಿದವರೊಬ್ಬರು ಪಕ್ಕದಲ್ಲಿ ನಿಂತು ಹೇಳಿದರೆ ಹೆಚ್ಚುತ್ತದೆ. ಕಾಂಕ್ರೀಟಿನ ಮೇಲೆ ಶತಪಥ ಹಾಕುವ ಚಿರತೆಯನ್ನು ನೋಡಿ ಮಗು ಚಿರತೆಯ ಬಗ್ಗೆ ಕಲಿಯುವುದಕ್ಕಿಂತ, ಪ್ರಾಣಿಯನ್ನು ಹೀಗೂ ಇಡಬಹುದು ಎಂಬುದನ್ನು ಕಲಿತು ಮನೆಗೆ ಹೋಗುವ ಅಪಾಯ ಇದೆ. ಬಡವರ ಮಕ್ಕಳಿಗೆ ಒಳ್ಳೆಯದನ್ನು ತೋರಿಸಲು ಬಸ್ಸು ಬೇಕು, ಕಡಿಮೆ ದರ ಬೇಕು. ಕೈಗೆಟುಕುವಷ್ಟು ಹತ್ತಿರದಲ್ಲಿ ಕೆಟ್ಟದ್ದೊಂದನ್ನು ಕಟ್ಟಿಕೊಟ್ಟರೆ ಅದು ಅವರಿಗೆ ಮಾಡಿದ ಉಪಕಾರವಲ್ಲ.

ಮೂರನೆಯ ಆಕ್ಷೇಪ ನನ್ನ ವಾದಕ್ಕೇ ತಾಗುವಂಥದ್ದು, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಊರೊಳಗಿನದ್ದನ್ನು ಊರಾಚೆಗೆ ಒಯ್ಯುವುದೆಂದರೆ ಯಾರದೋ ನೆಲಕ್ಕೆ, ಬಹಳ ಸಲ ಕಾಡಿಗೇ ಕೈಹಾಕುವುದು. ಬೋನಿನ ಪ್ರಾಣಿಗಾಗಿ ಬಯಲಿನ ಪ್ರಾಣಿಯ ಜಾಗ ಕಸಿದರೆ ಏನು ಸಾಧಿಸಿದಂತಾಯಿತು? ಅರಣ್ಯ ಪ್ರದೇಶದಲ್ಲಿ ಹೊಸ ಮೃಗಾಲಯ, ಸಫಾರಿಗಳಿಗೆ ತನ್ನ ಅನುಮತಿ ಬೇಕೆಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಈ ಆತಂಕದಿಂದಲೇ. ಇನ್ನೊಂದು ಕಡೆ, ಊರೊಳಗೆ ತೆರವಾದ ನೆಲ ಏನಾಗುತ್ತದೆ? ಇಂಗ್ಲೆಂಡಿನ ಬ್ರಿಸ್ಟಲ್ ಮೃಗಾಲಯ 1836ರಿಂದ ಇದ್ದ ಕ್ಲಿಫ್ಟನ್‌ನ ಜಾಗವನ್ನು 2022ರಲ್ಲಿ ಬಿಟ್ಟು ಊರಂಚಿಗೆ ಹೊರಟಿತು. ಬಿಟ್ಟ ತೋಟದಲ್ಲಿ ಮನೆಗಳನ್ನು ಕಟ್ಟುವ ಯೋಜನೆ ಬಂತು, ಸುತ್ತಲಿನವರು ಪ್ರತಿಭಟಿಸಿದರು. ಪ್ರಾಣಿಯ ಹಿತದ ಹೆಸರಿನಲ್ಲಿ ನೆಲದ ವ್ಯಾಪಾರ ನಡೆಯಬಹುದೆಂಬ ಸಂಶಯಕ್ಕೆ ಇಂಥ ಕಡೆ ಆಧಾರ ಸಿಗುತ್ತದೆ. ಬ್ಯೂನಸ್ ಐರಿಸ್ 2016ರಲ್ಲಿ ತನ್ನ ಮೃಗಾಲಯ ಮುಚ್ಚಿದಾಗ ಆ 18 ಹೆಕ್ಟೇರನ್ನು ಸಾರ್ವಜನಿಕ ಉದ್ಯಾನವಾಗಿಯೇ ಉಳಿಸಿಕೊಂಡಿತು, ಅದು ಮೆಚ್ಚತಕ್ಕದ್ದು. ಆದರೆ ಪ್ರಾಣಿಗಳನ್ನು ಸಾಗಿಸುವ ಕೆಲಸ ಕುಂಟಿತು. ಸಾಂಡ್ರಾ ಎಂಬ ಒರಾಂಗುಟಾನ್ ಅಮೆರಿಕಕ್ಕೆ ಹೊರಟದ್ದು 2019ರಲ್ಲಿ, ಮಾರಾ ಎಂಬ ಆನೆ ಬ್ರೆಜಿಲ್‌ಗೆ ಹೋದದ್ದು 2020ರಲ್ಲಿ, ಪೂಪಿ ಎಂಬ ಇನ್ನೊಂದು ಆನೆಯ ಸರದಿ ಬಂದದ್ದು 2025ರಲ್ಲಿ. ಅದರ ಜೊತೆಗಾತಿ ಕೂಕಿ ಅಷ್ಟು ದಿನ ಬದುಕಿರಲಿಲ್ಲ. ಸಾನ್ ಹೋಸೆಯಲ್ಲಿ ಸರ್ಕಾರ 2013ರಲ್ಲೇ ಮುಚ್ಚುತ್ತೇವೆ ಎಂದರೂ ನಡೆಸುತ್ತಿದ್ದ ಸಂಸ್ಥೆಯ ಗುತ್ತಿಗೆ ಮುಗಿಯುವವರೆಗೆ ಹನ್ನೊಂದು ವರ್ಷ ಕಾಯಬೇಕಾಯಿತು.

ನಮ್ಮ ರಾಜ್ಯದ ಮಟ್ಟಿಗೆ ಈ ಲೆಕ್ಕವೆಲ್ಲ ಕೆಲಸಕ್ಕೆ ಬರುವುದು ಹುಬ್ಬಳ್ಳಿ-ಧಾರವಾಡದಂಥ ಕಡೆ. ರಾಜ್ಯದ ಅತಿ ದೊಡ್ಡ ನಗರಗಳ ಸಾಲಿನಲ್ಲಿರುವ ಅವಳಿನಗರಕ್ಕೆ ತನ್ನದೇ ಆದ ದೊಡ್ಡ ಮೃಗಾಲಯವಿಲ್ಲ, ಹತ್ತಿರದ್ದು ಗದಗದ ಬಿಂಕದಕಟ್ಟಿ. ಇಲ್ಲದ್ದು ಬೇಕು ಎಂಬ ಆಸೆ ಅಲ್ಲಿಯವರಿಗೆ ಬಂದರೆ ತಪ್ಪಿಲ್ಲ. ಒಂದು ಆನೆಗೆ ದಿನಕ್ಕೆ ಒಂದೂವರೆ ಕ್ವಿಂಟಲ್‌ನಷ್ಟು ಮೇವು ಬೇಕು, ಬೇಸಗೆಯಲ್ಲಿ ಕುಡಿಯುವ ನೀರಿಗೇ ಜನ ಟ್ಯಾಂಕರ್ ಕಾಯುವ ಸೀಮೆಯಲ್ಲಿ ಅದಕ್ಕೆ ಮೀಯಲು ನೀರು ಬೇಕು, ಹುಲಿ ಇಟ್ಟರೆ ಅದಕ್ಕೆ ದಿನವೂ ಮಾಂಸ, ರಾತ್ರಿ ಹಗಲು ಪಶುವೈದ್ಯರು ಬೇಕು. ಟಿಕೆಟಿನ ಹಣದಲ್ಲಿ ಇದೆಲ್ಲ ನಡೆಯುತ್ತದೆ ಎನ್ನುವವರು ಕೋವಿಡ್ ಕಾಲದಲ್ಲಿ ಗೇಟು ಮುಚ್ಚಿದಾಗ ಮೈಸೂರಿನಂಥ ಹೆಸರಾಂತ ಮೃಗಾಲಯವೇ ದಾನಿಗಳ ಮೊರೆ ಹೋದದ್ದನ್ನು ನೆನೆಯಬೇಕು. ಹೊಸ ಗೇಟು ಕಟ್ಟುವ ಹಣದ ಒಂದು ಪಾಲಿನಲ್ಲಿ ಬಿಂಕದಕಟ್ಟಿಯ ಆವರಣಗಳನ್ನು ಹಿಗ್ಗಿಸಬಹುದು, ಪ್ರಾಣಿಗಳ ಬಗ್ಗೆ ಕನ್ನಡದಲ್ಲಿ ಮಕ್ಕಳಿಗೆ ತಿಳಿಯುವಂತೆ ಹೇಳಬಲ್ಲ ನಾಲ್ಕಾರು ಜನರನ್ನು ಕಾಯಂ ಆಗಿ ನೇಮಿಸಬಹುದು, ಅವಳಿನಗರದ ಸರ್ಕಾರಿ ಶಾಲೆಗಳಿಂದ ಅಲ್ಲಿಗೆ ವಾರವಾರವೂ ಬಸ್ಸು ಬಿಡಬಹುದು. ಹುಬ್ಬಳ್ಳಿ-ಧಾರವಾಡದವರು ತಮ್ಮ ಪ್ರತಿನಿಧಿಗಳ ಹತ್ತಿರ ಕೇಳುವುದಾದರೆ ಮೊದಲು ಇದನ್ನು ಕೇಳಲಿ.